ತಾಳ ತಪ್ಪಿದ ನಾಡಿ, ಹೃತ್ಕರ್ಣದ ಗಾಯ

ನಾಡಿ ಹಿಡಿದು ರೋಗ ಹೇಳುವ ಪರಂಪರೆ ನಮ್ಮಲ್ಲಿ ಹಳೆಯದು. ಹಾವಿನ ನಡೆ, ಕಪ್ಪೆಯ ನೆಗೆತ, ಹಂಸದ ಗತಿ ಎಂದು ನಾಡಿಯನ್ನು ಬಣ್ಣಿಸುವ ಶಾರ್ಙ್ಗಧರ ಸಂಹಿತೆಯು ನಡುನಡುವೆ ತಡೆದು ಸಾಗುವ ನಾಡಿಯನ್ನು ಪ್ರಾಣಾಪಾಯದ ಲಕ್ಷಣವೆಂದು ಗಣಿಸಿದೆ. ಇಂದಿನ ವೈದ್ಯರ ಬೆರಳಿಗೂ ಲೆಕ್ಕ ತಪ್ಪಿದ ನಾಡಿ ಸಿಗುವುದುಂಟು. ಒಂದು ಬಡಿತಕ್ಕೂ ಮುಂದಿನದಕ್ಕೂ ಹೊಂದಿಕೆಯೇ ಇಲ್ಲವೆಂದರೆ ಅವರ ಮೊದಲ ಗುಮಾನಿ ಏಟ್ರಿಯಲ್ ಫಿಬ್ರಿಲೇಷನ್, ಅಂದರೆ ಹೃತ್ಕರ್ಣದ ಕಂಪನ.

ಹೃದಯದ ಮೇಲಿನ ಎರಡು ಕೋಣೆಗಳೇ ಹೃತ್ಕರ್ಣಗಳು. ಈ ಕಾಯಿಲೆಯಲ್ಲಿ ಅಲ್ಲಿ ನಿಮಿಷಕ್ಕೆ 350ಕ್ಕೂ ಹೆಚ್ಚು ವಿದ್ಯುತ್ ಸಂಕೇತಗಳು ಅಡ್ಡಾದಿಡ್ಡಿ ಓಡಾಡುತ್ತವೆ. ಕೋಣೆ ಹಿಂಡುವ ಬದಲು ನಡುಗುತ್ತದೆ. ನಾಗಮಂಗಲ ಸೀಮೆಯ ಕೆರೆಗಳನ್ನು ಕಂಡವರಿಗೆ ಮುಂದಿನದು ಸುಲಭವಾಗಿ ಅರ್ಥವಾದೀತು. ನೀರು ಆಡದ ಮೂಲೆಯಲ್ಲಿ ಪಾಚಿ ಕಟ್ಟುವ ಹಾಗೆ, ಎಡ ಹೃತ್ಕರ್ಣಕ್ಕೆ ಅಂಟಿಕೊಂಡ ಪುಟ್ಟ ಚೀಲದಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಕಳಚಿ ಮಿದುಳು ಸೇರಿದರೆ ಲಕ್ವ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಪಟ್ಟಣದ ದೀರ್ಘ ಅಧ್ಯಯನದ ಪ್ರಕಾರ ಈ ಕಂಪನ ಇರುವವರಿಗೆ ಲಕ್ವದ ಸಂಭವ ಸುಮಾರು 5 ಪಟ್ಟು. ರುಮ್ಯಾಟಿಕ್ ಜ್ವರದಿಂದ ಕವಾಟವೂ ಕೆಟ್ಟಿದ್ದರೆ 17 ಪಟ್ಟು.

ಈ ಎರಡನೆಯ ಅಂಕಿ ನಮ್ಮವರಿಗೆ ಮುಖ್ಯ. ಪಶ್ಚಿಮದಲ್ಲಿ ಇದು ಬಹುಮಟ್ಟಿಗೆ ವಯಸ್ಸಾದವರ, ರಕ್ತದೊತ್ತಡದವರ ಕಾಯಿಲೆ. ಭಾರತದ 24 ಕೇಂದ್ರಗಳ 1,537 ರೋಗಿಗಳ ದಾಖಲೆ 2017ರಲ್ಲಿ ಪ್ರಕಟವಾಯಿತು. ಅವರ ಸರಾಸರಿ ವಯಸ್ಸು 55ರ ಆಸುಪಾಸು, ಹತ್ತಿರ ಹತ್ತಿರ ಅರ್ಧ ಮಂದಿಗೆ ರುಮ್ಯಾಟಿಕ್ ಕವಾಟದ ತೊಂದರೆ. ಬಾಲ್ಯದ ಗಂಟಲು ಬೇನೆಯಿಂದ ಶುರುವಾಗುವ ಈ ಜ್ವರ ಮೈಟ್ರಲ್ ಕವಾಟವನ್ನು ಕಿರಿದಾಗಿಸುತ್ತದೆ. ಅದರ ಹಿಂದಿರುವ ಎಡ ಹೃತ್ಕರ್ಣ ಒತ್ತಡಕ್ಕೆ ಹಿಗ್ಗಿ, ಮಾಂಸಖಂಡದ ಜಾಗದಲ್ಲಿ ನಾರು ಬೆಳೆಯುತ್ತದೆ. ಗಾಯ ಮಾಯ್ದ ಗುರುತಿನಂಥ ಈ ನಾರಿನ ಮೂಲಕ ವಿದ್ಯುತ್ ಸರಿಯಾಗಿ ಹರಿಯದು. ಅದು ಸುತ್ತಿ ಬಳಸಿ ಹೋಗುವಲ್ಲೇ ಕಂಪನಕ್ಕೆ ನೆಲೆ.

ಇದನ್ನು ಎದೆ ಕೊಯ್ಯದೆ ನೋಡುವುದು ಹೇಗೆ? 1953ರಲ್ಲಿ ಸ್ವೀಡನ್ನಿನ ಲುಂಡ್ ನಗರದಲ್ಲಿ ವೈದ್ಯ ಇಂಗೆ ಎಡ್ಲರ್ ಮತ್ತು ಭೌತವಿಜ್ಞಾನಿ ಹೆಲ್ಮತ್ ಹರ್ಟ್ಸ್ ಲೋಹದೊಳಗಿನ ಬಿರುಕು ಪತ್ತೆಹಚ್ಚುವ ಶ್ರವಣಾತೀತ ಧ್ವನಿಯ ಯಂತ್ರವನ್ನು ಹೃದಯದ ಮೇಲಿಟ್ಟರು. ಲೋಹ ವಿಗ್ರಹಗಳಿಗೆ ಹೆಸರಾದ ನಾಗಮಂಗಲದ ಎರಕದವರಿಗೆ ಆ ಯಂತ್ರದ ಬೆಲೆ ಬೇಗ ತಿಳಿದೀತು. ಒಳಗಿನ ಪೊಳ್ಳು ಹೊರಗಣ್ಣಿಗೆ ಕಾಣುವುದಿಲ್ಲ. ಎಡ್ಲರ್ ಹುಡುಕಿದ್ದೂ ಇದೇ ಮೈಟ್ರಲ್ ಕವಾಟದ ರೋಗವನ್ನೇ. ಎಕೋ ಪರೀಕ್ಷೆ ಹುಟ್ಟಿದ್ದು ಹೀಗೆ. ಈಗ ಅದು ವೈದ್ಯಕೀಯ ಕಾಲೇಜು ಆಸ್ಪತ್ರೆಗಳ ದಿನನಿತ್ಯದ ಪರೀಕ್ಷೆ, ನಾಗಮಂಗಲದವರಿಗೆ ಬಿ.ಜಿ. ನಗರದ ಆದಿಚುಂಚನಗಿರಿ ಕಾಲೇಜು, ಮೈಸೂರಿನ ಜಯದೇವ ಆಸ್ಪತ್ರೆ ಹತ್ತಿರ. ಕೋಣೆಯ ಗಾತ್ರವಷ್ಟೇ ಅಲ್ಲ, ಗೋಡೆ ಎಷ್ಟು ಹಿಗ್ಗುತ್ತದೆಂಬುದನ್ನೂ ಹೊಸ ಎಕೋ ಯಂತ್ರಗಳು ಅಳೆಯುತ್ತವೆ. ಆರೋಗ್ಯವಂತರಲ್ಲಿ ಇದು ಸುಮಾರು ಶೇ 39. ನಾರು ಹೆಚ್ಚಿದಂತೆ ಹಿಗ್ಗು ಇಳಿಯುತ್ತದೆ.

ಗಾಯವನ್ನೇ ತೋರಿಸುವುದು ಎಂಆರ್‌ಐ. ಗ್ಯಾಡೋಲಿನಿಯಂ ಎಂಬ ದ್ರವ್ಯವನ್ನು ರಕ್ತನಾಳಕ್ಕೆ ಕೊಟ್ಟು ಕೆಲ ನಿಮಿಷ ಕಾದರೆ, ಚೆನ್ನಾಗಿರುವ ಮಾಂಸಖಂಡದಿಂದ ಅದು ತೊಳೆದುಹೋಗುತ್ತದೆ, ನಾರಿನಲ್ಲಿ ಉಳಿದು ಬೆಳ್ಳಗೆ ಕಾಣುತ್ತದೆ. ಹೇಳಿದಷ್ಟು ಸಲೀಸಲ್ಲ. ಹೃತ್ಕರ್ಣದ ಗೋಡೆಯ ದಪ್ಪ 2–3 ಮಿಲಿಮೀಟರ್, ಜೊತೆಗೆ ಅದು ತಾಳವಿಲ್ಲದೆ ಅಲುಗುತ್ತಿರುತ್ತದೆ. ಹಾಗಿದ್ದೂ 2014ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ನಾಸಿರ್ ಮರ್ರೂಶ್ ತಂಡ ಗಾಯದ ಪ್ರಮಾಣವನ್ನು ನಾಲ್ಕು ಹಂತಗಳಾಗಿ ವಿಂಗಡಿಸಿ, ಕೆಥೆಟರ್‌ನಿಂದ ಸುಟ್ಟು ಕಂಪನ ನಿಲ್ಲಿಸುವ ಚಿಕಿತ್ಸೆಯ ಫಲವನ್ನು ಪರಿಶೀಲಿಸಿತು. ಗಾಯ ಶೇ 10ಕ್ಕಿಂತ ಕಡಿಮೆ ಇದ್ದವರಲ್ಲಿ 325 ದಿನಗಳೊಳಗೆ ಕಂಪನ ಮರುಕಳಿಸಿದ್ದು ನೂರಕ್ಕೆ 15 ಮಂದಿಗೆ. ಶೇ 30 ಮೀರಿದವರಲ್ಲಿ 51 ಮಂದಿಗೆ.

ಹಾಗಾದರೆ ಆ ಗಾಯಗಳನ್ನೇ ಹುಡುಕಿ ಸುಟ್ಟರಾಯಿತಲ್ಲ? 843 ರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪರೀಕ್ಷೆ ಆ ಉತ್ಸಾಹಕ್ಕೆ ತಣ್ಣೀರೆರಚಿತು. ಲಾಭ ಕಾಣಲಿಲ್ಲ, ಲಕ್ವದ ಪ್ರಕರಣಗಳು ಹೆಚ್ಚಿ ಕಂಡವು. ಚಿತ್ರ ಮುನ್ಸೂಚನೆ ಕೊಟ್ಟೀತು, ಅದೇ ಚಿಕಿತ್ಸೆಯ ನಕಾಶೆಯಾಗಲಿಲ್ಲ.

ರುಮ್ಯಾಟಿಕ್ ಕವಾಟದವರಿಗೆ ಸದ್ಯಕ್ಕೆ ಹೆಚ್ಚು ಕೆಲಸಕ್ಕೆ ಬರುವ ಚಿತ್ರ ಇನ್ನೊಂದಿದೆ. ಅನ್ನನಾಳ ಎಡ ಹೃತ್ಕರ್ಣದ ಬೆನ್ನಿಗೇ ಇದೆ. ಗಂಟಲಿನ ಮೂಲಕ ಎಕೋ ನಳಿಕೆ ಇಳಿಸಿದರೆ ಆ ಪುಟ್ಟ ಚೀಲದ ಒಳಗು ಸ್ಪಷ್ಟವಾಗಿ ಕಾಣುತ್ತದೆ. ಕಿರಿದಾದ ಕವಾಟವನ್ನು ಬಲೂನಿನಿಂದ ಬಿಡಿಸುವ ಮುನ್ನ ಈ ಪರೀಕ್ಷೆ ಮಾಡುತ್ತಾರೆ. ಹೆಪ್ಪು ಕಂಡರೆ ಸಾಮಾನ್ಯವಾಗಿ ಬಲೂನನ್ನು ಮುಂದೂಡಿ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಗುಳಿಗೆಯನ್ನು ಕೆಲವು ವಾರ ಕೊಟ್ಟು, ಮತ್ತೆ ನಳಿಕೆ ಇಳಿಸಿ ನೋಡುತ್ತಾರೆ.