ನಿಮಗಿದು ಗೊತ್ತೆ? ವಯಸ್ಸಾದಂತೆ ಕಿಡ್ನಿಯೂ ನಿಧಾನವಾಗುತ್ತದೆ

ಆರೋಗ್ಯವಂತ ಯುವಕರ ಎರಡೂ ಮೂತ್ರಪಿಂಡಗಳು ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸುತ್ತವೆ. ಒಂದೂವರೆ ಲೀಟರಿನಷ್ಟು ಮಾತ್ರ ಮೂತ್ರವಾಗಿ ಹೊರಬಿದ್ದು, ಉಳಿದದ್ದೆಲ್ಲ ರಕ್ತಕ್ಕೇ ಮರಳುತ್ತದೆ. ನಿಮಿಷಕ್ಕೆ 100ರಿಂದ 120 ಮಿಲಿಲೀಟರ್ ಆಸುಪಾಸಿನ ಈ ಸೋಸುವಿಕೆ ನಲವತ್ತು ದಾಟಿದ ಮೇಲೆ ವರ್ಷಕ್ಕೆ ಸರಾಸರಿ ಒಂದು ಮಿಲಿಲೀಟರಿನಷ್ಟು ತಗ್ಗುತ್ತದೆ. ಹಾಗಾಗಿ ನ್ಯಾಮತಿಯ ಎಪ್ಪತ್ತರ ಅಜ್ಜನ ವರದಿಯಲ್ಲಿ ಸೋಸುವಿಕೆ 75 ಎಂದು ಕಂಡು, ಮೂತ್ರದಲ್ಲಿ ಪ್ರೋಟೀನ್ ಇಲ್ಲದಿದ್ದರೆ, ಅದನ್ನು ವಯಸ್ಸಿನ ಸಹಜ ಇಳಿಕೆಯೆಂದೇ ಎಣಿಸಬಹುದು.

ಸಹಜವೇ ಆದರೆ ಪರೀಕ್ಷೆ ಯಾಕೆ ಎಂದು ಕೇಳಬಹುದು. ಇಳಿಕೆ ಎಲ್ಲರಲ್ಲೂ ಒಂದೇ ಸಮನಾಗಿಲ್ಲ. 1985ರಲ್ಲಿ ಪ್ರಕಟವಾದ ಅಮೆರಿಕದ ಬಾಲ್ಟಿಮೋರ್ ಅಧ್ಯಯನದಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಇಳಿಕೆಯೇ ಕಾಣಲಿಲ್ಲ; ಸಕ್ಕರೆ ಕಾಯಿಲೆ, ಬಿಪಿ ಹತೋಟಿಯಲ್ಲಿಲ್ಲದವರಲ್ಲಿ ಅದರ ವೇಗ ಹೆಚ್ಚು. ಮಾಂಸಖಂಡದಿಂದ ಹುಟ್ಟಿ ಕಿಡ್ನಿ ಸೋಸಿ ಹೊರಹಾಕುವ ತ್ಯಾಜ್ಯವಾದ ಕ್ರಿಯಾಟಿನಿನ್ ನಾರ್ಮಲ್ ಬಂದಿದೆಯಲ್ಲ ಎಂಬ ಸಮಾಧಾನವೂ ಸಾಲದು. ಮುಪ್ಪಿನಲ್ಲಿ ಮಾಂಸಖಂಡ ಕರಗಿ ಕ್ರಿಯಾಟಿನಿನ್ ಉತ್ಪತ್ತಿಯೇ ಕಡಿಮೆಯಾಗುವುದರಿಂದ, ಸೋಸುವಿಕೆ ತಗ್ಗಿದ್ದರೂ ಅಂಕಿ ಸರಿಯಾಗಿಯೇ ಕಾಣಬಹುದು. ಬಿಸಿಲಲ್ಲಿ ಮೆಕ್ಕೆಜೋಳ ಮುರಿದು ಬಂದು, ಸಾಕಷ್ಟು ನೀರೂ ಕುಡಿಯದೆ, ಮೈಕೈ ನೋವಿಗೆಂದು ಅಂಗಡಿಯಿಂದ ತಂದ ಮಾತ್ರೆ ನುಂಗುವ ಹಿರಿಯರಿಗೆ ಅಪಾಯ ಇರುವುದು ಇಲ್ಲೇ: ಗೊತ್ತಾಗದೆ ತಗ್ಗಿದ ಕಿಡ್ನಿಗೆ ನೀರಿನ ಕೊರತೆ, ನೋವಿನ ಮಾತ್ರೆ ಎರಡೂ ಹೊರೆ. ಅರವತ್ತು ದಾಟಿದವರು, ಸಕ್ಕರೆ, ಬಿಪಿ ಇದ್ದವರು ವರ್ಷಕ್ಕೊಮ್ಮೆ ರಕ್ತದ ಜೊತೆ ಮೂತ್ರವನ್ನೂ ಪರೀಕ್ಷೆ ಮಾಡಿಸಿ, ಇಜಿಎಫ್‌ಆರ್ ಎಂಬ ಸೋಸುವಿಕೆಯ ಅಂದಾಜು ಎಷ್ಟಿದೆ ಎಂದು ವೈದ್ಯರನ್ನು ಕೇಳಿ.