ಆರೋಗ್ಯದ ಹಾದಿ

‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಎಂಬುದು ಕನ್ನಡ ನಾಡಿನ ಹಳೆಯ ಗಾದೆ. ಪೈರು ಹುಲುಸಾಗಿ ಬೆಳೆಯುವುದೋ ಇಲ್ಲವೋ ಎಂಬುದನ್ನು ಅನುಭವಿಯಾದ ರೈತನು ಮೊಳಕೆಯನ್ನು ಕಂಡೇ ಹೇಳಬಲ್ಲನು. ಸಿರಿಯು ಮೊಳಕೆಯಲ್ಲಿ ಕಾಣುವುದಾದರೆ ಸೊರಗೂ ಮೊಳಕೆಯಲ್ಲಿಯೇ ಕಾಣಬೇಕಲ್ಲವೆ? ಎಲೆ ಹಳದಿಯಾಗಿ ಬುಡ ಒಣಗಿದ ಮೇಲೆ ನೀರೆರೆಯುವುದಕ್ಕಿಂತ ಸೊರಗು ತಲೆದೋರಿದ ದಿನವೇ ಅದನ್ನು ಗುರುತಿಸುವುದು ಜಾಣತನ. ಪೈರಿನ ವಿಷಯದಲ್ಲಿ ರೈತನಿಗೆ ತಿಳಿದಿದ್ದ ಈ ಸತ್ಯವನ್ನು ಮನುಷ್ಯನ ಮಗುವಿನ ವಿಷಯದಲ್ಲಿ ಕಾರ್ಯರೂಪಕ್ಕೆ ತರಲು ಬಹುಕಾಲ ಬೇಕಾಯಿತು. ಅದಕ್ಕೆ ನೆರವಾದ ಒಂದು ಸರಳ ಸಾಧನವು ರೂಪುಗೊಂಡದ್ದು ಪಶ್ಚಿಮ ಆಫ್ರಿಕದಲ್ಲಿ, ಕ್ರೈಸ್ತ ಸೇವಾಸಂಸ್ಥೆಯೊಂದು ನಡೆಸುತ್ತಿದ್ದ ಆಸ್ಪತ್ರೆಯಲ್ಲಿ. ಆ ಸಾಧನ ಯಂತ್ರವಲ್ಲ, ಔಷಧಿಯಲ್ಲ; ಎರಡು ಗೆರೆಗಳನ್ನು ಎಳೆದ ಒಂದು ರಟ್ಟಿನ ಕಾಗದ.

ನೈಜೀರಿಯ ದೇಶದ ನೈಋತ್ಯ ಭಾಗದಲ್ಲಿ ಯೊರುಬ ಜನರು ವಾಸಿಸುವ ಸೀಮೆಯಿದೆ. ಕೋಕೋ ತೋಟಗಳಿಂದ ಹೆಸರಾದ ಆ ಸೀಮೆಯ ಊರುಗಳಲ್ಲಿ ಇಲೇಶ ಒಂದು. ಅಲ್ಲಿ ಮೆಥೋಡಿಸ್ಟ್ ಪಂಥದ ಕ್ರೈಸ್ತರು ಸ್ಥಾಪಿಸಿದ ವೆಸ್ಲಿ ಗಿಲ್ಡ್ ಆಸ್ಪತ್ರೆಯಿತ್ತು. ಸುತ್ತಣ ಹಳ್ಳಿಗಳ ತಾಯಂದಿರು ಕಾಯಿಲೆಯ ಕೂಸುಗಳನ್ನು ಬೆನ್ನಿಗೆ ಕಟ್ಟಿಕೊಂಡು ಅಲ್ಲಿಗೆ ನಡೆದುಬರುತ್ತಿದ್ದರು. 1956ರಲ್ಲಿ ಡೇವಿಡ್ ಮಾರ್ಲಿ ಎಂಬ ಆಂಗ್ಲ ಶಿಶುವೈದ್ಯರು ಆ ಆಸ್ಪತ್ರೆಗೆ ಬಂದರು. 1923ರಲ್ಲಿ ಪಾದ್ರಿಯೊಬ್ಬರ ಮಗನಾಗಿ ಹುಟ್ಟಿದ ಅವರು ಕೇಂಬ್ರಿಜ್ ಮತ್ತು ಲಂಡನ್ನಿನಲ್ಲಿ ವೈದ್ಯಶಿಕ್ಷಣ ಪಡೆದವರು. ಸ್ವದೇಶದಲ್ಲಿ ನೆಮ್ಮದಿಯಿಂದ ವೃತ್ತಿ ನಡೆಸಬಹುದಾಗಿದ್ದ ಅವರು ಐದು ವರ್ಷಗಳ ಕಾಲ ಇಲೇಶದಲ್ಲಿ ಸೇವೆ ಸಲ್ಲಿಸಿದರು.

ಆಸ್ಪತ್ರೆಯಲ್ಲಿ ಅವರು ಕಂಡ ನೋಟ ದಾರುಣವಾದುದು. ದಡಾರ, ನಾಯಿಕೆಮ್ಮು, ಮಲೇರಿಯ, ಅತಿಸಾರ, ನ್ಯೂಮೋನಿಯ—ಇವುಗಳಿಂದ ಬಳಲುವ ಎಳೆಯರು ಸಾಲುಗಟ್ಟಿ ಬರುತ್ತಿದ್ದರು. ಔಷಧಿಯಿಂದ ಗುಣಮುಖರಾಗಿ ಮನೆಗೆ ಹೋದವರಲ್ಲಿ ಹಲವರು ಕೆಲವು ವಾರಗಳಲ್ಲಿ ಮತ್ತೊಂದು ಕಾಯಿಲೆಯೊಂದಿಗೆ ಮರಳುತ್ತಿದ್ದರು. ಬಂದವರಲ್ಲಿ ಎಲ್ಲರೂ ಉಳಿಯುತ್ತಿರಲಿಲ್ಲ. ವೈದ್ಯರ ಕೈಗುಣಕ್ಕಾಗಲಿ ದಾದಿಯರ ಆರೈಕೆಗಾಗಲಿ ಕೊರತೆಯಿರಲಿಲ್ಲ. ಮಗು ಆಸ್ಪತ್ರೆಯ ಬಾಗಿಲಿಗೆ ಬರುವ ಹೊತ್ತಿಗೆ ಹೊತ್ತು ಮೀರಿರುತ್ತಿತ್ತು. ಕಾಯಿಲೆಗಳ ಹಿಂದೆ ನಿಂತು ಅವಕ್ಕೆ ಬಲ ಕೊಡುತ್ತಿದ್ದ ಮತ್ತೊಂದು ಶತ್ರುವಿತ್ತು. ಅದೇ ಪೋಷಣೆಯ ಕೊರತೆ.

ಪಶ್ಚಿಮ ಆಫ್ರಿಕದ ಮಕ್ಕಳ ಅಪೌಷ್ಟಿಕತೆಯ ವಿಷಯ ವೈದ್ಯಲೋಕಕ್ಕೆ ಹೊಸದಾಗಿರಲಿಲ್ಲ. ಇಂದು ಘಾನ ಎಂದು ಕರೆಯಲಾಗುವ, ಅಂದಿನ ಗೋಲ್ಡ್ ಕೋಸ್ಟಿನಲ್ಲಿ ಸರ್ಕಾರಿ ವೈದ್ಯೆಯಾಗಿದ್ದ ಸಿಸಿಲಿ ವಿಲಿಯಮ್ಸ್ ಎಂಬಾಕೆ, ಮೈ ಬಾತು ಚರ್ಮ ಸುಲಿದು ನರಳುವ ಮಕ್ಕಳ ವ್ಯಾಧಿಯೊಂದನ್ನು 1933ರಲ್ಲಿ ವಿವರಿಸಿದ್ದರು. ಅದಕ್ಕೆ ಅಲ್ಲಿಯ ಗಾ ಜನರು ಇಟ್ಟಿದ್ದ ‘ಕ್ವಾಷಿಯೋರ್ಕರ್’ ಎಂಬ ಹೆಸರನ್ನೇ ಅವರು ಉಳಿಸಿಕೊಂಡರು. ತಂಗಿಯೋ ತಮ್ಮನೋ ಹುಟ್ಟಿದಾಗ ತಾಯಿಯ ಎದೆಹಾಲಿನಿಂದ ಕೆಳಗಿಳಿಸಲ್ಪಟ್ಟ ಹಿರಿಯ ಮಗುವಿಗೆ ತಗಲುವ ಬೇನೆ ಎಂಬುದು ಆ ಹೆಸರಿನ ಇಂಗಿತ. ಒಂದು ಜನಾಂಗದ ತಾಯಂದಿರು ತಲೆಮಾರುಗಳಿಂದ ಕಂಡುಂಡ ದುಃಖವೆಲ್ಲ ಆ ಒಂದೇ ಪದದಲ್ಲಿ ಅಡಕವಾಗಿದೆ. ಎದೆಹಾಲು ತಪ್ಪಿದ ಮಗುವಿಗೆ ದೊರೆಯುತ್ತಿದ್ದುದು ಬಹುಮಟ್ಟಿಗೆ ಮೆಕ್ಕೆಜೋಳದ ಗಂಜಿ. ಯೊರುಬ ಸೀಮೆಯಲ್ಲಿಯೂ ‘ಓಗಿ’ ಎಂಬ ತೆಳುವಾದ ಜೋಳದ ಅಂಬಲಿಯೇ ಕೂಸಿನ ಮೊದಲ ಆಹಾರವಾಗಿತ್ತು. ಅದು ಹೊಟ್ಟೆಯನ್ನು ತುಂಬುವುದೇ ಹೊರತು ಮೈಯನ್ನು ಬೆಳೆಸಲಾರದು.

ಆಸ್ಪತ್ರೆಯೊಳಗೆ ಕುಳಿತರೆ ಕಾಯಿಲೆಯ ಕೊನೆಯ ಅಂಕ ಮಾತ್ರ ಕಾಣುತ್ತದೆ. ಮೊದಲ ಅಂಕವನ್ನು ನೋಡಬೇಕಾದರೆ ಹಳ್ಳಿಗೆ ಹೋಗಬೇಕು. ಈ ವಿಚಾರದಿಂದ ಮಾರ್ಲಿಯವರು ಇಮೆಸಿ-ಇಲೆ ಎಂಬ ಹಳ್ಳಿಯನ್ನು ಆರಿಸಿಕೊಂಡು, ಅಲ್ಲಿ ಹುಟ್ಟಿದ ಮಕ್ಕಳನ್ನು ಹುಟ್ಟಿನಿಂದ ಐದು ವರ್ಷಗಳವರೆಗೆ ತಪ್ಪದೆ ಗಮನಿಸುವ ಕಾರ್ಯವನ್ನು ಕೈಗೊಂಡರು. ಮಕ್ಕಳನ್ನು ಕ್ರಮವಾಗಿ ತೂಗಿ ಬರೆದಿಡಲಾಯಿತು. ಯಾವ ತಿಂಗಳಲ್ಲಿ ಯಾವ ಕಾಯಿಲೆ ಬಂತು, ಆ ಮೇಲೆ ತೂಕವೇನಾಯಿತು ಎಂಬುದು ಲೆಕ್ಕಕ್ಕೆ ಬಂತು. ಬರಿಯ ಕಣ್ಣಿಗೆ ಕಾಣದಿದ್ದ ಸಂಗತಿಯನ್ನು ತಕ್ಕಡಿಯು ತೋರಿಸಿಕೊಟ್ಟಿತು. ಮೊದಲ ಕೆಲವು ತಿಂಗಳು ಎದೆಹಾಲಿನ ಬಲದಿಂದ ಸೊಗಸಾಗಿ ಬೆಳೆದ ಕೂಸು, ಆರನೆಯ ತಿಂಗಳ ಸುಮಾರಿಗೆ ಹಾಲೊಂದೇ ಸಾಲದಾದಾಗ ನಿಧಾನಿಸುತ್ತಿತ್ತು. ಆ ಸಮಯದಲ್ಲಿ ದಡಾರವೋ ನಾಯಿಕೆಮ್ಮೋ ಬಂದರೆ ತೂಕವು ಇಳಿಯುತ್ತಿತ್ತು. ಇಳಿದುದು ಮತ್ತೆ ಏರಲು ವಾರಗಟ್ಟಲೆ, ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಹಸಿವು ರೋಗವನ್ನು ಕರೆಯುತ್ತಿತ್ತು. ರೋಗವು ಹಸಿವನ್ನು ಹೆಚ್ಚಿಸುತ್ತಿತ್ತು.

ಈ ಅನುಭವದಿಂದ ಮೂಡಿದ್ದೇ ‘ಆರೋಗ್ಯದ ಹಾದಿ’ ಎಂಬ ಹೆಸರಿನ ಬೆಳವಣಿಗೆಯ ಪಟ್ಟಿ. ಇದರ ರಚನೆ ಬಹಳ ಸುಲಭವಾದುದು. ಕಾಗದದ ಎಡಬದಿಯಲ್ಲಿ ಕೆಳಗಿನಿಂದ ಮೇಲಕ್ಕೆ ಕಿಲೋಗ್ರಾಮುಗಳನ್ನೂ, ಅಡಿಯಲ್ಲಿ ಎಡದಿಂದ ಬಲಕ್ಕೆ ಮಗುವಿನ ವಯಸ್ಸಿನ ತಿಂಗಳುಗಳನ್ನೂ ಗುರುತಿಸಲಾಗಿದೆ. ನಡುವೆ ಎರಡು ಬಾಗಿದ ರೇಖೆಗಳು ಮೇಲೇರುತ್ತ ಹೋಗುತ್ತವೆ. ಚೆನ್ನಾಗಿ ಪೋಷಣೆ ಪಡೆದ ಮಕ್ಕಳ ಬೆಳವಣಿಗೆಯನ್ನು ಆಧರಿಸಿ ಎಳೆದ ಆ ರೇಖೆಗಳ ನಡುವಣ ಓಣಿಯೇ ಹಾದಿ. ಪ್ರತಿ ಸಲ ಮಗುವನ್ನು ತೂಗಿದಾಗ ಆ ತಿಂಗಳ ಮನೆಯಲ್ಲಿ ಒಂದು ಚುಕ್ಕೆಯನ್ನಿಡಬೇಕು. ಚುಕ್ಕೆಗಳನ್ನು ಕೂಡಿಸಿದರೆ ಮಗುವಿನ ಸ್ವಂತ ರೇಖೆ ದೊರೆಯುತ್ತದೆ.

ಈ ರೇಖೆಯನ್ನು ಓದುವ ಬಗೆಯನ್ನು ಅರಿಯುವುದು ಮುಖ್ಯ. ಹುಟ್ಟಿದಾಗ ಸುಮಾರು 3 ಕಿಲೋಗ್ರಾಂ ತೂಗುವ ಮಗು ಐದು ತಿಂಗಳ ಹೊತ್ತಿಗೆ ಅದರ ಎರಡರಷ್ಟು, ಒಂದು ವರ್ಷಕ್ಕೆ ಮೂರರಷ್ಟು ತೂಗುವುದು ಸಾಮಾನ್ಯ. ಆದರೆ ಎಲ್ಲ ಮಕ್ಕಳೂ ಒಂದೇ ಗಾತ್ರದವರಾಗಿರುವುದಿಲ್ಲ. ಒಂದು ದಿನದ ತೂಕವಷ್ಟನ್ನೇ ನೋಡಿ ತೀರ್ಪು ಹೇಳಿದರೆ ತಪ್ಪಾಗಬಹುದು. ನೋಡಬೇಕಾದುದು ಚುಕ್ಕೆಯಿರುವ ಸ್ಥಾನಕ್ಕಿಂತಲೂ ರೇಖೆ ಸಾಗುವ ದಿಕ್ಕನ್ನು. ಸಣ್ಣ ಮೈಕಟ್ಟಿನ ಮಗುವಿನ ರೇಖೆ ಓಣಿಯ ಕೆಳಬದಿಯಲ್ಲಿದ್ದರೂ ಅದಕ್ಕೆ ಸಮಾನಾಂತರವಾಗಿ ಏರುತ್ತಿದ್ದರೆ ಆತಂಕಪಡಬೇಕಾಗಿಲ್ಲ. ಗುಂಡುಗುಂಡಾಗಿ ಕಾಣುವ ಮಗುವಿನ ರೇಖೆ ಎರಡು ತಿಂಗಳು ಮೇಲೇರದೆ ಮಟ್ಟಸವಾಗಿ ನಿಂತರೆ ಅದು ಎಚ್ಚರಿಕೆಯ ಗಂಟೆ. ರೇಖೆ ಕೆಳಮುಖವಾದರೆ ಅಪಾಯ ಬಾಗಿಲಿಗೆ ಬಂದಂತೆ. ಕೈಕಾಲು ಸಣಕಲಾಗುವುದಕ್ಕೆ, ಮೈ ಬಾಯುವುದಕ್ಕೆ ಎಷ್ಟೋ ಮೊದಲೇ ಈ ಸೂಚನೆ ದೊರೆಯುವುದರಿಂದ ಆರೈಕೆಗೆ ಕಾಲಾವಕಾಶ ಸಿಗುತ್ತದೆ.

ಪಟ್ಟಿಯನ್ನು ಯಾರು ಇಟ್ಟುಕೊಳ್ಳಬೇಕು ಎಂಬ ಪ್ರಶ್ನೆಗೆ ಮಾರ್ಲಿಯವರು ಕೊಟ್ಟ ಉತ್ತರ ಆ ಕಾಲಕ್ಕೆ ಹೊಸದು. ರೋಗಿಯ ದಾಖಲೆ ಆಸ್ಪತ್ರೆಯ ಕಪಾಟಿನಲ್ಲಿರಬೇಕೆಂಬುದು ರೂಢಿ. ಓದುಬರಹ ಬಾರದ ಹಳ್ಳಿಯ ಹೆಣ್ಣುಮಗಳು ಕಾಗದವನ್ನು ಕಳೆದುಬಿಡುತ್ತಾಳೆಂಬುದು ಹಲವರ ಶಂಕೆ. ಅವರಾದರೋ ಪಟ್ಟಿಯನ್ನು ಪಾಲಿಥೀನ್ ಚೀಲದಲ್ಲಿಟ್ಟು ತಾಯಿಯ ಕೈಗೇ ಕೊಟ್ಟರು. ತಾಯಂದಿರು ಅದನ್ನು ಒಡವೆಯಂತೆ ಜೋಪಾನ ಮಾಡಿದರು. ಅಕ್ಷರ ಬಾರದಿದ್ದರೂ ರೇಖೆ ಮೇಲೇರುತ್ತಿದೆಯೋ ಇಳಿಯುತ್ತಿದೆಯೋ ಎಂಬುದು ಯಾರ ಕಣ್ಣಿಗಾದರೂ ಕಾಣುವಂಥದು. ಹೀಗೆ ಅಲ್ಲಿಯವರೆಗೆ ವೈದ್ಯರ ಸ್ವತ್ತಾಗಿದ್ದ ತಿಳಿವಳಿಕೆ ತಾಯಿಯ ಸ್ವತ್ತಾಯಿತು.

ಪಟ್ಟಿಯ ಜೊತೆಯಲ್ಲಿಯೇ ‘ಐದು ವರ್ಷದೊಳಗಿನವರ ಚಿಕಿತ್ಸಾಲಯ’ ಎಂಬ ಪದ್ಧತಿಯೂ ಬೆಳೆಯಿತು. ಕಾಯಿಲೆಯ ಮಗುವಿಗೆ ಒಂದು ದಿನ, ಲಸಿಕೆಗೆ ಒಂದು ದಿನ, ತೂಕಕ್ಕೆ ಮತ್ತೊಂದು ದಿನ ಎಂದು ಗೊತ್ತುಮಾಡಿದರೆ, ಹೊಲದ ಕೆಲಸವನ್ನೂ ಸಂತೆಯ ವ್ಯಾಪಾರವನ್ನೂ ಬಿಟ್ಟು ದೂರದಿಂದ ನಡೆದುಬರುವ ತಾಯಿಗೆ ಮೂರು ದಿನ ವ್ಯರ್ಥ. ಆದಕಾರಣ ಎಲ್ಲವೂ ಒಂದೇ ಕಡೆ, ಒಂದೇ ದಿನ ದೊರೆಯುವ ಏರ್ಪಾಡಾಯಿತು. ಇದರ ಹೊಣೆಯನ್ನು ಬಹುಪಾಲು ಹೊತ್ತವರು ಸ್ಥಳೀಯ ದಾದಿಯರು. ಯೊರುಬ ಭಾಷೆಯನ್ನೇ ಆಡುವ, ಆ ಜನರ ಅಡಿಗೆಮನೆಯನ್ನು ಬಲ್ಲ ಆ ಹೆಣ್ಣುಮಕ್ಕಳು ಸಾಮಾನ್ಯ ಕಾಯಿಲೆಗಳಿಗೆ ತಾವೇ ಔಷಧಿ ಕೊಟ್ಟರು. ಕಠಿಣವಾದುವನ್ನು ಮಾತ್ರ ವೈದ್ಯರ ಬಳಿಗೆ ಕಳುಹಿಸಿದರು. ಅಂಬಲಿಗೆ ನೆಲಗಡಲೆ, ಅಲಸಂದೆಗಳಂಥ ಊರಲ್ಲಿ ಬೆಳೆಯುವ ಕಾಳನ್ನು ಬೆರೆಸಿ ಉಣಿಸಬಹುದೆಂಬ ಮಾತು ಪರದೇಶದ ವೈದ್ಯನ ಬಾಯಿಂದ ಬರುವುದಕ್ಕಿಂತ ನೆರೆಮನೆಯವಳಂತಿರುವ ದಾದಿಯ ಬಾಯಿಂದ ಬಂದರೆ ನಾಟುವುದು ಸಹಜ.

ಆ ಸೀಮೆಯ ಮಕ್ಕಳ ಪಾಲಿಗೆ ದಡಾರವು ಯಮದೂತನಾಗಿತ್ತು. ಅಮೆರಿಕದಲ್ಲಿ ವಿಜ್ಞಾನಿ ಜಾನ್ ಎಂಡರ್ಸ್ ಅವರ ಪ್ರಯೋಗಶಾಲೆಯಲ್ಲಿ ದಡಾರದ ಲಸಿಕೆ ಸಿದ್ಧವಾಗುತ್ತಿದ್ದ ಕಾಲವದು. 1960ರಲ್ಲಿ ಎಂಡರ್ಸರ ಸಹೋದ್ಯೋಗಿ ಸ್ಯಾಮ್ಯುಯಲ್ ಕ್ಯಾಟ್ಸ್ ನೈಜೀರಿಯಕ್ಕೆ ಬಂದು, ಮಾರ್ಲಿಯವರೊಂದಿಗೆ ಆ ಲಸಿಕೆಯ ಪರೀಕ್ಷೆಯನ್ನು ನಡೆಸಿದರು. 1963ರಲ್ಲಿ ಲಸಿಕೆಗೆ ಅಮೆರಿಕದಲ್ಲಿ ಅನುಮತಿ ದೊರೆಯಿತು. ಮುಂದೆ ಅದು ಜಗತ್ತಿನ ಕೋಟಿಗಟ್ಟಲೆ ಮಕ್ಕಳನ್ನು ಕಾಪಾಡಿತು.

1961ರಲ್ಲಿ ಮಾರ್ಲಿಯವರು ಲಂಡನ್ನಿಗೆ ಮರಳಿ ಮಕ್ಕಳ ಆರೋಗ್ಯದ ಬೋಧನೆಯಲ್ಲಿ ತೊಡಗಿದರು. ಬಡದೇಶಗಳ ಆರೋಗ್ಯ ಕಾರ್ಯಕರ್ತರಿಗೆ ಅಗ್ಗದ ಬೆಲೆಗೆ ಪುಸ್ತಕ ಮತ್ತು ಬೋಧನ ಸಾಮಗ್ರಿಗಳನ್ನು ಒದಗಿಸುವ ಸಂಸ್ಥೆಯೊಂದನ್ನು 1965ರಲ್ಲಿ ಸ್ಥಾಪಿಸಿದರು. ಅತಿಸಾರದಿಂದ ಬಳಲುವ ಮಗುವಿಗೆ ಕುಡಿಸುವ ನೀರಿಗೆ ಸಕ್ಕರೆಯನ್ನೂ ಉಪ್ಪನ್ನೂ ಸರಿಯಾಗಿ ಅಳೆಯಲು ಒಂದು ತುದಿ ದೊಡ್ಡದು, ಒಂದು ತುದಿ ಚಿಕ್ಕದು ಆಗಿರುವ ಪ್ಲಾಸ್ಟಿಕ್ ಚಮಚವೂ ಆ ಸಂಸ್ಥೆಯ ಮೂಲಕ ಹರಡಿತು. 2009ರಲ್ಲಿ ಅವರು ನಿಧನರಾದರು. ಇಲೇಶದ ಆಸ್ಪತ್ರೆಯು ಮಿಷನ್ನಿನ ಕೈಯಿಂದ ನೈಜೀರಿಯದ ವಿಶ್ವವಿದ್ಯಾನಿಲಯದ ಬೋಧನಾಸ್ಪತ್ರೆಗಳ ಸಮೂಹಕ್ಕೆ ಸೇರಿತು. ಸೇವೆ ಮಾಡಲು ಬಂದವರು ಒಂದು ದಿನ ಕೆಲಸವನ್ನು ನಾಡಿನವರ ಕೈಗೆ ಒಪ್ಪಿಸಿ ಹಿಂದೆ ಸರಿಯುವುದು ಸೇವೆಯ ಸೋಲಲ್ಲ, ಅದರ ಸಾಫಲ್ಯ.

ಇಲೇಶದ ಕಾಗದ ದೇಶದೇಶಗಳಿಗೆ ಸಂಚರಿಸಿತು. 1980ರ ದಶಕದಲ್ಲಿ ವಿಶ್ವಸಂಸ್ಥೆಯ ಮಕ್ಕಳ ನಿಧಿಯು ಕೈಗೊಂಡ ಶಿಶುರಕ್ಷಣೆಯ ಕಾರ್ಯಕ್ರಮದಲ್ಲಿ ಎದೆಹಾಲು, ಲಸಿಕೆ, ಅತಿಸಾರಕ್ಕೆ ಉಪ್ಪು-ಸಕ್ಕರೆಯ ನೀರು ಇವುಗಳೊಂದಿಗೆ ಬೆಳವಣಿಗೆಯ ಪಟ್ಟಿಗೂ ಸ್ಥಾನ ದೊರೆಯಿತು. ಭಾರತದಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು 33 ಕಡೆಗಳಲ್ಲಿ ಆರಂಭವಾಯಿತು. ಅವುಗಳಲ್ಲಿ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವೂ ಒಂದು. ಇಂದು ಕರ್ನಾಟಕದ ಹಳ್ಳಿಯ ಅಂಗನವಾಡಿಗೆ ಹೋದರೆ ಕಾರ್ಯಕರ್ತೆಯು ಮಗುವನ್ನು ತೂಗಿ ಬೆಳವಣಿಗೆಯ ರೇಖೆಯನ್ನು ನೋಡುವುದನ್ನು ಕಾಣಬಹುದು. ಆ ರೇಖೆಯ ಪೂರ್ವಿಕರಲ್ಲಿ ಇಮೆಸಿ ಹಳ್ಳಿಯ ಮಕ್ಕಳ ಪಟ್ಟಿಯೂ ಸೇರಿದೆ.

ಆದರೆ ಒಂದು ಎಚ್ಚರ ಅಗತ್ಯ. ತಕ್ಕಡಿಯಲ್ಲಿ ಕೂರಿಸಿದ ಮಾತ್ರಕ್ಕೆ ಮಗುವಿನ ಹೊಟ್ಟೆ ತುಂಬುವುದಿಲ್ಲ. ಎಷ್ಟೋ ಕಡೆ ಚುಕ್ಕೆಯಿಡುವುದೇ ಕೆಲಸವಾಗಿ, ರೇಖೆ ಇಳಿದಾಗ ತಾಯಿಯೊಡನೆ ಮಾತನಾಡುವುದು, ಆಹಾರ ಒದಗಿಸುವುದು, ಕಾಯಿಲೆಗೆ ಚಿಕಿತ್ಸೆ ಕೊಡಿಸುವುದು ಮರೆತುಹೋಯಿತು. ಅಂಥ ಕಡೆ ಪಟ್ಟಿಯಿಂದ ಪ್ರಯೋಜನವಾಗಲಿಲ್ಲ. ಪಟ್ಟಿ ಒಂದು ಕೈಮರ. ಕೈಮರ ದಾರಿ ತೋರಿಸೀತು, ನಡೆಯುವ ಶ್ರಮ ಮನುಷ್ಯನದು. ಬಡತನ, ಕೊಳಕು ನೀರು, ತಾಯಿಯ ಅನಕ್ಷರತೆ ಇವು ನೀಗದೆ ಹಾದಿ ಸುಗಮವಾಗದು.

2006ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಮಕ್ಕಳ ಬೆಳವಣಿಗೆಯ ಹೊಸ ಮಾನದಂಡವನ್ನು ಪ್ರಕಟಿಸಿತು. ಬ್ರೆಜಿಲ್, ಘಾನ, ಭಾರತ, ನಾರ್ವೆ, ಓಮನ್, ಅಮೆರಿಕ ಎಂಬ ಆರು ದೇಶಗಳಲ್ಲಿ ಎದೆಹಾಲುಂಡು ಒಳ್ಳೆಯ ಪರಿಸರದಲ್ಲಿ ಬೆಳೆದ ಮಕ್ಕಳನ್ನು ಅಳೆದು ಅದನ್ನು ರೂಪಿಸಲಾಯಿತು. ಅದರಿಂದ ತಿಳಿದುಬಂದ ಸತ್ಯ ಮಹತ್ತ್ವದ್ದು: ಸಾಕಷ್ಟು ಆಹಾರ, ಆರೈಕೆ, ಆರೋಗ್ಯ ದೊರೆತರೆ ಆಫ್ರಿಕದ ಮಗು, ಭಾರತದ ಮಗು, ಯೂರೋಪಿನ ಮಗು ಎಲ್ಲರೂ ಎಳವೆಯಲ್ಲಿ ಹೆಚ್ಚುಕಡಿಮೆ ಒಂದೇ ಸಮನಾಗಿ ಬೆಳೆಯುತ್ತಾರೆ. ಎಳೆಯರ ಬೆಳವಣಿಗೆಯಲ್ಲಿ ನಾಡಿನಿಂದ ನಾಡಿಗೆ ಕಾಣುವ ದೊಡ್ಡ ಅಂತರ ರಕ್ತದಿಂದ ಬಂದುದಲ್ಲ, ಬಾಳಿನ ಸ್ಥಿತಿಗತಿಯಿಂದ ಬಂದುದು.

1990ರಲ್ಲಿ ಜಗತ್ತಿನಲ್ಲಿ ಐದು ವರ್ಷ ತುಂಬುವ ಮುನ್ನ 1 ಕೋಟಿ 20 ಲಕ್ಷಕ್ಕೂ ಹೆಚ್ಚು ಮಕ್ಕಳು ಅಸುನೀಗಿದರು. 2022ರಲ್ಲಿ ಆ ಸಂಖ್ಯೆ ಸುಮಾರು 49 ಲಕ್ಷಕ್ಕೆ ಇಳಿದಿತ್ತು. ಇಳಿತ ದೊಡ್ಡದು, ಉಳಿದುದೂ ಚಿಕ್ಕದಲ್ಲ. ಹೀಗೆ ಅಗಲಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಸಹಾರಾ ಮರುಭೂಮಿಯ ದಕ್ಷಿಣದ ಆಫ್ರಿಕದವರು. ಧರ್ಮಶ್ರದ್ಧೆಯು ಇಲೇಶದಲ್ಲಿ ಒಂದು ಆಸ್ಪತ್ರೆಯನ್ನು ಕಟ್ಟಿತು. ವಿಜ್ಞಾನವು ಅಲ್ಲಿ ಒಂದು ರೇಖೆಯನ್ನು ಎಳೆಯಿತು. ಅಕ್ಷರವರಿಯದ ತಾಯಂದಿರು ಆ ರೇಖೆಯನ್ನು ಓದಿದರು. ಈ ಮೂರೂ ಕೂಡಿದಲ್ಲಿ ಮಗು ಉಳಿಯಿತು. ಯಾವ ತಾಯಿಯ ಮಡಿಲಿನ ಮಗುವಾದರೇನು, ಅದರ ರೇಖೆ ಮೇಲ್ಮುಖವಾಗಿ ಸಾಗುವಂತೆ ನೋಡಿಕೊಳ್ಳುವುದು ಇಡೀ ಮಾನವಕುಲದ ಹೊಣೆ.