ಮಪುಂಗುಬ್ವೆಯನ್ನು ಕಟ್ಟಿದವರು ಯಾರು?

ದಕ್ಷಿಣ ಆಫ್ರಿಕಾದ ಚರಿತ್ರೆ ಶುರುವಾಗುವುದು 1652ರಲ್ಲಿ, ಡಚ್ಚರು ಕೇಪ್‌ನಲ್ಲಿ ಬಂದಿಳಿದ ಮೇಲೆ ಎಂಬ ನಂಬಿಕೆ ಇನ್ನೂ ಪೂರ್ತಿ ಅಳಿದಿಲ್ಲ. ವರ್ಣಭೇದ ನೀತಿಯ ಕಾಲದ ಶಾಲಾಪಠ್ಯಗಳಂತೂ ಬಂಟು ಭಾಷಿಕರು ಉತ್ತರದಿಂದ ಲಿಂಪೊಪೊ ನದಿ ದಾಟಿ ಬಂದದ್ದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ, ಅಲ್ಲಿಯವರೆಗೆ ಆ ನೆಲ ಬಹುಪಾಲು ಬರಿದಾಗಿತ್ತು ಎಂದು ಮಕ್ಕಳಿಗೆ ಕಲಿಸಿದವು. ನೆಲ ಕಸಿದುಕೊಂಡವರಿಗೆ ಇದಕ್ಕಿಂತ ಅನುಕೂಲದ ಕಥೆ ಬೇರೊಂದಿರಲಿಲ್ಲ. ಈ ಕಥೆ ಸುಳ್ಳೆನ್ನಲು ಸಾಕ್ಷಿ ಲಿಂಪೊಪೊ ದಡದಲ್ಲೇ ಇದೆ. ಶಾಶೆ ನದಿ ಲಿಂಪೊಪೊವನ್ನು ಸೇರುವಲ್ಲಿ, ಇಂದಿನ ದಕ್ಷಿಣ ಆಫ್ರಿಕಾ, ಬೋಟ್ಸ್ವಾನಾ ಮತ್ತು ಜಿಂಬಾಬ್ವೆಗಳ ಗಡಿಗಳು ಕೂಡುವ ಜಾಗದ ಹತ್ತಿರ, ಮಪುಂಗುಬ್ವೆ ಎಂಬ ಕಡಿದಾದ ಮರಳುಗಲ್ಲಿನ ಗುಡ್ಡವಿದೆ. ಸುಮಾರು 1220ರಿಂದ 1300ರವರೆಗೆ ಅದರ ನೆತ್ತಿಯ ಮೇಲೆ ಅರಸನ ಬಿಡಾರವಿತ್ತು, ಬುಡದಲ್ಲಿ ಪ್ರಜೆಗಳ ದೊಡ್ಡ ಊರಿತ್ತು. ಡಚ್ಚರು ಬರುವುದಕ್ಕೆ ಮೂರೂವರೆ ಶತಮಾನ ಮೊದಲೇ ಈ ರಾಜ್ಯ ಬೆಳೆದು ಮುಗಿದಿತ್ತು.

1932–33ರ ಹೊತ್ತಿಗೆ ಗುಡ್ಡದ ಮೇಲಿನ ಗೋರಿಗಳಲ್ಲಿ ಚಿನ್ನದ ಮಣಿಗಳು, ರಾಜದಂಡ, ಬಟ್ಟಲು, ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕ ಚಿನ್ನದ ಘೇಂಡಾಮೃಗ ಸಿಕ್ಕವು. ಮರದ ಅಚ್ಚಿನ ಮೇಲೆ ತೆಳು ಚಿನ್ನದ ತಗಡು ಹೊದಿಸಿ, ಪುಟ್ಟ ಚಿನ್ನದ ಮೊಳೆಗಳಿಂದ ಬಿಗಿದು ಮಾಡಿದ್ದು ಆ ಘೇಂಡಾಮೃಗ. ಇಷ್ಟು ನುಣುಪಾದ ಕೆಲಸ ಕಪ್ಪು ಜನರದೆಂದು ಒಪ್ಪಲು ಅಂದಿನ ಕೆಲವು ತಜ್ಞರಿಗೆ ಮನಸ್ಸಾಗಲಿಲ್ಲ. ತಲೆಬುರುಡೆಗಳನ್ನು ಅಳೆದು, ಸತ್ತವರು ಬೇರೆ ಜನಾಂಗದವರೆಂದು ವಾದಿಸಿದರು. ಆದರೆ ಮಡಕೆಗಳ ಮಾದರಿ, ಮನೆಗಳ ನೆಲಗಟ್ಟು, ದನದ ದೊಡ್ಡಿ, ಕಬ್ಬಿಣದ ಕೆಲಸ ಎಲ್ಲವೂ ಆ ಸೀಮೆಯ ಕಬ್ಬಿಣಯುಗದ ಬೇಸಾಯಗಾರರಿಗೇ ಸೇರಿದವು. ಮುಂದೆ ಅಸ್ಥಿಗಳನ್ನು ಮತ್ತೆ ಪರೀಕ್ಷಿಸಿದವರೂ ಹಳೆಯ ತೀರ್ಮಾನ ನಿಲ್ಲುವುದಿಲ್ಲವೆಂದರು. ಬುರುಡೆಯ ವಾದ ಅಲ್ಲಿಗೆ ಮುಗಿಯಿತು.

ಇಂದು ಹೆಚ್ಚು ಚಲಾವಣೆಯಲ್ಲಿರುವುದು ಇನ್ನೊಂದು ನಂಬಿಕೆ, ಮತ್ತು ಅದು ಓದಿದವರನ್ನೂ ಸುಲಭವಾಗಿ ಒಪ್ಪಿಸುತ್ತದೆ: ಜನ ಆಫ್ರಿಕನ್ನರೇ ಇರಬಹುದು, ಆದರೆ ರಾಜ್ಯ ಹುಟ್ಟಿದ್ದು ಅರಬ್ ಮತ್ತು ಭಾರತೀಯ ವರ್ತಕರಿಂದ ಎಂಬುದು. ಇದಕ್ಕೆ ಆಧಾರವೇ ಇಲ್ಲವೆನ್ನಲಾಗದು. ಮಪುಂಗುಬ್ವೆಯಲ್ಲಿ ಸಾವಿರಾರು ಗಾಜಿನ ಮಣಿಗಳಿವೆ, ಚೀನಾದ ಹಸಿರು ಪಿಂಗಾಣಿಯ ಚೂರುಗಳಿವೆ. ಆ ಸೀಮೆಗೆ ಬಂದ ಮಣಿಗಳಲ್ಲಿ ಒಂದು ಪಾಲು ನಮ್ಮ ಉಪಖಂಡದಲ್ಲೇ ತಯಾರಾದದ್ದೆಂದು ಗಾಜಿನ ರಾಸಾಯನಿಕ ಪರೀಕ್ಷೆ ಸೂಚಿಸುತ್ತದೆ. ಹತ್ತನೆಯ ಶತಮಾನದಲ್ಲೇ ಅರಬ್ ಬರಹಗಾರ ಅಲ್-ಮಸೂದಿ, ಪೂರ್ವ ಆಫ್ರಿಕಾದ ದಂತ ಒಮಾನಿನ ಮೂಲಕ ಭಾರತಕ್ಕೂ ಚೀನಾಕ್ಕೂ ಹೋಗುವುದನ್ನು ಬರೆದಿದ್ದಾನೆ. ಆದರೆ ಸರಕು ಬಂದಿತೆಂದ ಮಾತ್ರಕ್ಕೆ ಸರ್ಕಾರವೂ ಬಂದಿತೆನ್ನಲಾಗದು. ಸಮುದ್ರ ಇಲ್ಲಿಂದ ಸುಮಾರು ಆರುನೂರು ಕಿಲೋಮೀಟರ್ ದೂರ. ಗುಡ್ಡದ ಮೇಲಾಗಲೀ ಕೆಳಗಾಗಲೀ ವರ್ತಕರ ಕೇರಿಯಿಲ್ಲ, ಮಸೀದಿಯಿಲ್ಲ.

ಕಾಲಕ್ರಮ ನೋಡಿದರೆ ವಾದ ಇನ್ನೂ ಸಡಿಲವಾಗುತ್ತದೆ. ಹತ್ತಿರದ ಶ್ರೋಡಾ ಎಂಬ ನೆಲೆಯಲ್ಲಿ ಕ್ರಿ.ಶ. 900ರ ಹೊತ್ತಿಗೇ ದಂತದ ಕೆಲಸವಿತ್ತು, ಹೊರಗಿನ ಮಣಿಗಳಿದ್ದವು. ಅರಸ ಜನರಿಂದ ಬೇರೆಯಾಗಿ ಗುಡ್ಡವೇರಿದ್ದು ಮೂರು ಶತಮಾನಗಳ ಬಳಿಕ. ವ್ಯಾಪಾರವೇ ರಾಜ್ಯ ಹುಟ್ಟಿಸುವುದಾದರೆ ಇಷ್ಟು ತಡವೇಕೆ? ಉತ್ತರವನ್ನು ನಡುವಿನ ನೆಲೆಯಲ್ಲಿ, ಪುರಾತತ್ತ್ವಜ್ಞರು ಕೆ2 ಎಂದು ಕರೆಯುವ ಊರಿನಲ್ಲಿ, ಹುಡುಕಬೇಕು. ಗುಡ್ಡದಿಂದ ಸುಮಾರು ಒಂದು ಕಿಲೋಮೀಟರ್ ದೂರದ ಈ ಊರು ಸುಮಾರು 1000ದಿಂದ 1220ರವರೆಗೆ ಬಾಳಿತು. ಮೊದಮೊದಲು ಊರ ನಡುವೆ ದನದ ದೊಡ್ಡಿ, ಅದರ ಪಕ್ಕದಲ್ಲೇ ಗಂಡಸರು ಸೇರಿ ನ್ಯಾಯ ತೀರ್ಮಾನಿಸುವ ಕಟ್ಟೆ, ಸುತ್ತ ಮನೆಗಳು. ಜನ ಹೆಚ್ಚಿದಂತೆ ಕಟ್ಟೆಯ ಬಳಿಯ ತಿಪ್ಪೆ ಬೆಳೆದು ದೊಡ್ಡಿಯನ್ನೇ ಮುಚ್ಚಿತು, ದನಗಳು ಊರ ನಡುವಿನಿಂದ ಹೊರಗೆ ಹೋದವು. ಆಮೇಲೆ ರಾಜಧಾನಿ ಮಪುಂಗುಬ್ವೆಗೆ ಸರಿಯಿತು. ಅಧಿಕಾರ ಗಟ್ಟಿಯಾದ ಈ ಹೆಜ್ಜೆಗಳೆಲ್ಲ ಆ ಊರಿನ ನೆಲದಲ್ಲೇ ಮೂಡಿವೆ. ಇಷ್ಟು ಜನಕ್ಕೆ ಅನ್ನ ಕೊಟ್ಟದ್ದು ನದಿಬಯಲಿನ ಜೋಳ, ಸಜ್ಜೆ, ಅಲಸಂದೆ. ಮೂರೂ ಆಫ್ರಿಕಾದಲ್ಲಿ ಹುಟ್ಟಿ, ಬಹು ಹಿಂದೆಯೇ ಕಡಲು ದಾಟಿ ನಮ್ಮ ಹೊಲಗಳಿಗೂ ಬಂದ ಬೆಳೆಗಳು.

ಮಣಿ ಮತ್ತು ಬಟ್ಟೆಯ ಮೇಲೆ ಹಿಡಿತವಿಲ್ಲದೆ ಅರಸ ಅಷ್ಟು ಎತ್ತರಕ್ಕೆ ಏರುತ್ತಿದ್ದನೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ದನ ಸಾಯುತ್ತದೆ, ಹಂಚಿಹೋಗುತ್ತದೆ. ಚಿನ್ನವನ್ನೂ ಮಣಿಯನ್ನೂ ಕೂಡಿಡಬಹುದು. ಆ ಹೊಸ ಬಗೆಯ ಸಂಪತ್ತು ಅರಸನಿಗೂ ಪ್ರಜೆಗಳಿಗೂ ನಡುವಿನ ಅಂತರವನ್ನು ಹೆಚ್ಚಿಸಿತೆಂಬ ವಿವರಣೆಯನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಕೆ2ನ ಕುಶಲಿಗರು ಹೊರಗಿನಿಂದ ಬಂದ ಸಣ್ಣ ಮಣಿಗಳನ್ನು ಕರಗಿಸಿ, ಮಣ್ಣಿನ ಅಚ್ಚುಗಳಲ್ಲಿ ತಮಗೆ ಬೇಕಾದ ದಪ್ಪ ಮಣಿಗಳನ್ನು ಎರೆದುಕೊಂಡರು. ನೂಲುವ ಕದಿರಿನ ಬಿಲ್ಲೆಗಳೂ ಸಿಕ್ಕಿವೆ, ಅಂದರೆ ನೂಲು ಅಲ್ಲೇ ತೆಗೆಯುತ್ತಿದ್ದರು. ಬಂದದ್ದನ್ನು ಸುಮ್ಮನೆ ತೆಗೆದುಕೊಂಡವರು ಹೀಗೆ ಮಾಡುವುದಿಲ್ಲ. ಇನ್ನು, ಜಿಂಬಾಬ್ವೆಯ ಮಪೇಲಾ ಗುಡ್ಡದ ಬಗ್ಗೆ 2014ರಲ್ಲಿ ಪ್ರಕಟವಾದ ಸಂಶೋಧನೆ, ಅರಸು ವರ್ಗದ ಗುರುತುಗಳು ಅಲ್ಲಿ ಮಪುಂಗುಬ್ವೆಗಿಂತ ಮೊದಲೇ ಇದ್ದವೆಂದು ವಾದಿಸಿತು. ಅದು ನಿಜವಾದರೆ, ಅಧಿಕಾರ ಬೆಳೆದದ್ದು ಒಂದೇ ವ್ಯಾಪಾರದ ದಾರಿಯ ತುದಿಯಲ್ಲಲ್ಲ, ಇಡೀ ಸೀಮೆಯಲ್ಲಿ.

ಬರಹವಿಲ್ಲದ ಜನರ ಬಗ್ಗೆ ಇಷ್ಟು ಖಚಿತವಾಗಿ ಹೇಳಬಹುದೇ ಎಂಬ ಅನುಮಾನಕ್ಕೆ ಗ್ರೇಟ್ ಜಿಂಬಾಬ್ವೆಯ ಕಥೆ ಉತ್ತರ ಕೊಡುತ್ತದೆ. ಮಪುಂಗುಬ್ವೆ ಇಳಿದ ಮೇಲೆ ಮೇಲುಗೈ ಪಡೆದ ಆ ಕಲ್ಲಿನ ನಗರವನ್ನು 1871ರಲ್ಲಿ ಕಂಡ ಜರ್ಮನ್ ಅನ್ವೇಷಕ ಕಾರ್ಲ್ ಮೌಖ್, ಬೈಬಲ್ಲಿನ ಶೀಬಾ ರಾಣಿಗೆ ತಳುಕು ಹಾಕಿದ. ಅವನ ಕೈಯಲ್ಲಿ ಬರಹವಿತ್ತು, ಸಾಕ್ಷಿಯಿರಲಿಲ್ಲ. 1905ರಲ್ಲಿ ರಾಂಡಲ್-ಮೆಕೈವರ್, 1929ರಲ್ಲಿ ಗರ್ಟ್ರೂಡ್ ಕೇಟನ್-ಥಾಂಪ್ಸನ್ ನೆಲ ಅಗೆದು, ಅದು ಆಫ್ರಿಕನ್ನರದೇ ಕೆಲಸವೆಂದು ತೋರಿಸಿದರು. ಆದರೂ ರೊಡೇಷಿಯಾದ (ಇಂದಿನ ಜಿಂಬಾಬ್ವೆ) ಬಿಳಿಯರ ಸರ್ಕಾರ 1970ರ ದಶಕದವರೆಗೂ ಆ ಸತ್ಯವನ್ನು ಒತ್ತಿಹಿಡಿಯಲು ನೋಡಿತು.

ಮಪುಂಗುಬ್ವೆ 2003ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಗೆದು ಒಯ್ದಿದ್ದ ಅಸ್ಥಿಗಳನ್ನು 2007ರಲ್ಲಿ ವಾಪಸು ತಂದು, ತಾವು ಅವರ ವಂಶದವರೆಂದು ಹಕ್ಕು ಸಾಧಿಸಿದ ಸಮುದಾಯಗಳ ಸಮ್ಮುಖದಲ್ಲಿ ಅದೇ ನೆಲದಲ್ಲಿ ಮತ್ತೆ ಮಣ್ಣು ಮಾಡಲಾಯಿತು.